81 ಸೈಕಲ್ ಎಣಿಸಿದೆ, ಉಳಿದ 19 ಜಾಗ ಯಾರದು?

ಚಿಕ್ಕಮಗಳೂರಿನಲ್ಲಿ ಹಳೇ ಉಡುಪಿನ ಸೈಕಲ್ ಸವಾರಿ ನಡೆಸುವ ಗೆಳೆಯರಿಗೆ, ಅದಕ್ಕೆ ಅನುಮತಿ ಕೊಡುವ ಅಧಿಕಾರಿಗಳಿಗೆ, ಮತ್ತು ನಮ್ಮೂರಿನ ಎಲ್ಲರಿಗೆ,

ನಮಸ್ಕಾರ.

ನಿಮ್ಮ ಸವಾರಿ ನನಗೆ ತುಂಬಾ ಇಷ್ಟ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆದಿರುವುದನ್ನು ಓದುವಾಗ ಅದು ನೆನಪಿರಲಿ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ತರಕಾರಿಗೆ ಅಂತ ಹೋಗಿದ್ದೆ. ಎಂ.ಜಿ. ರಸ್ತೆಯಲ್ಲಿ ಮಂಜು ಇನ್ನೂ ಸರಿದಿರಲಿಲ್ಲ. ದೂರದಿಂದ ಬೆಲ್ ಸದ್ದು ಕೇಳಿಸಿತು. ಒಂದಲ್ಲ, ಹತ್ತಾರು. ಆಮೇಲೆ ಒಂದೊಂದಾಗಿ ಕೋಟು, ಟೋಪಿ, ಗಿಡ್ಡ ಪ್ಯಾಂಟು, ಉದ್ದ ಕಾಲುಚೀಲ, ಹಳೇ ಸೈಕಲ್‌ಗಳು. ಒಬ್ಬರು ಕಚ್ಚೆಪಂಚೆ ಉಟ್ಟಿದ್ದರು. ತರಕಾರಿ ಮಾರುವ ಹೆಂಗಸು ತೂಕ ಹಾಕುವುದನ್ನೇ ಬಿಟ್ಟು ನಿಂತಳು. ನಾನೂ ಚೀಲ ಕೆಳಗಿಟ್ಟು ನಿಂತೆ. ಎಲ್ಲರೂ ಹೋದ ಮೇಲೆ ಆಕೆ ಹೇಳಿದಳು: "ನಮ್ಮಪ್ಪ ಹಿಂಗೇ ಸೈಕಲ್‌ನಲ್ಲಿ ಸಂತೆಗೆ ಬರ್ತಿತ್ತು ಕಣಕ್ಕಾ."

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಕೇಳಿದ್ದು ಮೂರೇ ಪ್ರಶ್ನೆ. ರಾಡ್ ಬ್ರೇಕಿನ ಸೈಕಲ್ ಇತ್ತಾ? ಡೈನಮೋ ಇತ್ತಾ? ವಯಸ್ಸಾದವರು ಇದ್ರಾ?

ಅಪ್ಪನಿಗೆ ಈಗ 79. ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದರು. 1968ರಲ್ಲಿ ಕೆಲಸಕ್ಕೆ ಸೇರಿದಾಗ ನಮ್ಮ ಮನೆ ಸಖರಾಯಪಟ್ಟಣದ ಹತ್ತಿರದ ಹಳ್ಳಿಯಲ್ಲಿತ್ತು, ಶಾಲೆ ಅಲ್ಲಿಂದ ಒಂಬತ್ತು ಕಿಲೋಮೀಟರ್. ಮೊದಲ ಎಂಟು ತಿಂಗಳು ನಡೆದೇ ಹೋದರು. ಮರುವರ್ಷ ಕಡೂರಿಗೆ ಹೋಗಿ ಒಂದು ಹರ್ಕ್ಯುಲಿಸ್ ತಂದರು. ಮದ್ರಾಸಿನ ಅಂಬತ್ತೂರಿನಲ್ಲಿ ತಯಾರಾದ ಸೈಕಲ್. 1949ರಲ್ಲಿ ಶುರುವಾದ ಆ ಕಾರ್ಖಾನೆಯ ಸೈಕಲ್ ಅಂದ್ರೆ ಆಗ ಊರಿನಲ್ಲಿ ಒಂದು ಗೌರವ. ತಂದ ದಿನ ಅಜ್ಜಿ ಹ್ಯಾಂಡಲ್‌ಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರಂತೆ. ಆ ಸೈಕಲ್ ಮೇಲೆ ಅಪ್ಪ ಮೂವತ್ತು ವರ್ಷ ಶಾಲೆಗೆ ಹೋದರು. ನನ್ನನ್ನು ಮುಂದಿನ ಬಾರ್ ಮೇಲೆ ಟವಲ್ ಸುತ್ತಿ ಕೂರಿಸಿಕೊಂಡು ಅಯ್ಯನಕೆರೆ ಏರಿ ಮೇಲೆ ಕರೆದುಕೊಂಡು ಹೋಗುತ್ತಿದ್ದರು. ಇವತ್ತಿಗೂ ಎಣ್ಣೆ ಹಾಕಿದ ಚೈನಿನ ವಾಸನೆ ಬಂದರೆ ನನಗೆ ಆ ಕೆರೆಯ ಗಾಳಿ ನೆನಪಾಗುತ್ತದೆ.

ಹಾಗಾಗಿ ಕಳೆದ ವರ್ಷ ನಿಮ್ಮ ಸವಾರಿಯ ಸುದ್ದಿ ಬಂದ ಕೂಡಲೇ ಅಪ್ಪನನ್ನು ಸೇರಿಸಲೇಬೇಕು ಅಂತ ನಿಶ್ಚಯ ಮಾಡಿದೆ. 100 ಜನಕ್ಕೆ ಮಾತ್ರ ಜಾಗ ಅಂತ ಬರೆದಿದ್ದಿರಿ. ನೂರು ಜನದಲ್ಲಿ ಒಬ್ಬರಿಗೆ ಸಿಗದೇ ಇರುತ್ತಾ ಅಂದುಕೊಂಡೆ.

ಸೈಕಲ್ ಹಿತ್ತಲ ಕೊಟ್ಟಿಗೆಯಲ್ಲಿ ಗೋಣಿಚೀಲದ ಕೆಳಗೆ ಹತ್ತು ವರ್ಷದಿಂದ ಇತ್ತು. ಅದನ್ನು ಅಪ್ಪ ತಾವೇ ತಳ್ಳಿಕೊಂಡು ಸೈಕಲ್ ಶಾಪಿಗೆ ಹೋದರು. ಆ ಶಾಪಿನವರು ಅಪ್ಪನಿಗಿಂತ ಆರು ವರ್ಷ ಚಿಕ್ಕವರು. ಒಂದು ಕಾಲದಲ್ಲಿ ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಿದ್ದವರು. ನಾನೂ ಜೊತೆಗೆ ಹೋಗಿದ್ದೆ. ಅವರು ಮೊದಲು ಹಿಂದಿನ ಚಕ್ರ ಬಿಚ್ಚಿ, ಹಬ್ಬಿನ ಒಳಗಿನ ಗುಂಡುಗಳನ್ನು ಒಂದು ಹಳೇ ಬೋಸಿಯಲ್ಲಿ ಸೀಮೆಎಣ್ಣೆ ಹಾಕಿ ತೊಳೆದರು. ಕಪ್ಪು ಹೋಗಿ ಗುಂಡು ಹೊಳೆಯಿತು. ಒಂದೊಂದನ್ನೂ ಬೆರಳ ನಡುವೆ ತಿರುಗಿಸಿ ನೋಡಿದರು. ಸವೆದಿದ್ದ ಎರಡನ್ನು ಪಕ್ಕಕ್ಕಿಟ್ಟು, ಡಬ್ಬಿಯಿಂದ ಬೇರೆ ತೆಗೆದು ಗ್ರೀಸಿನಲ್ಲಿ ಒತ್ತಿ ಕೂರಿಸಿದರು. ಆಮೇಲೆ ಕಡ್ಡಿಗಳನ್ನು ಬೆರಳಿನಿಂದ ಮೀಟಿದರು. ಬಿಗಿ ಇದ್ದದ್ದು ಒಂದು ಸದ್ದು, ಸಡಿಲ ಇದ್ದದ್ದು ಇನ್ನೊಂದು ಸದ್ದು. ಸದ್ದು ಕೇಳಿಯೇ ಯಾವುದನ್ನು ಎಷ್ಟು ತಿರುಗಿಸಬೇಕು ಅಂತ ಗೊತ್ತು ಅವರಿಗೆ. ಟೈರು ಮಾತ್ರ ತಕ್ಷಣ ಸಿಗಲಿಲ್ಲ. ಇಪ್ಪತ್ತೆಂಟು ಒಂದೂವರೆ ಸೈಜಿನ ಒಳ್ಳೇ ಟೈರು ಈಗ ಕೇಳುವವರು ಕಡಿಮೆ, ಇಡುವವರೂ ಕಡಿಮೆ. "ಬಿಡಿ ಮೇಷ್ಟ್ರೇ, ನಾನು ತರಿಸ್ತೀನಿ" ಅಂದರು, ತರಿಸಿದರು. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ನಿಂತುಹೋದ ಸುದ್ದಿ ಅವರಿಗೆ ಇನ್ನೂ ಮನೆಯವರು ಯಾರೋ ತೀರಿಕೊಂಡ ಹಾಗೆ. ಆ ವಿಷಯ ಬಂದರೆ ಸ್ಪ್ಯಾನರ್ ಕೆಳಗಿಟ್ಟು ಮಾತಾಡುತ್ತಾರೆ.

ಬಟ್ಟೆಯದು ಇನ್ನೊಂದು ಕೆಲಸ. ಅಪ್ಪ ಮದುವೆಗೆ ಹೊಲಿಸಿದ್ದ ಕಪ್ಪು ಕೋಟು ಟ್ರಂಕಿನಲ್ಲಿತ್ತು. ಇನ್‌ಸ್ಪೆಕ್ಟರ್ ಶಾಲೆಗೆ ಬರುವ ದಿನ ಮಾತ್ರ ಅದನ್ನು ಹಾಕುತ್ತಿದ್ದರು. ನುಸಿಗುಳಿಗೆ ವಾಸನೆ ಹೋಗಲು ಮೂರು ದಿನ ನೆರಳಲ್ಲಿ ಒಣಹಾಕಿದೆ. ಕೋಟು ಈಗ ಅಪ್ಪನಿಗೆ ಸಡಿಲ. ಅವರು ಸೊರಗಿದ್ದಾರೆ ಅಂತ ನನಗೆ ಸರಿಯಾಗಿ ಗೊತ್ತಾಗಿದ್ದೇ ಆವತ್ತು, ಭುಜದ ಹೊಲಿಗೆ ತೋಳಿನ ಮೇಲೆ ಇಳಿದಿದ್ದು ನೋಡಿ. ಮೂರನೇ ಗುಂಡಿ ಬಿದ್ದುಹೋಗಿತ್ತು. ಅಂಥದ್ದೇ ಗುಂಡಿಗೆ ನಾಲ್ಕು ಟೈಲರ್ ಅಂಗಡಿ ತಿರುಗಿದೆ. ಕೊನೆಗೆ ಒಬ್ಬರು ಬಿಸ್ಕತ್ ಡಬ್ಬಿ ತುಂಬ ಇದ್ದ ಹಳೇ ಗುಂಡಿಗಳನ್ನು ಮೇಜಿನ ಮೇಲೆ ಸುರಿದು, "ಹುಡುಕ್ಕೊಳ್ಳಿ" ಅಂದರು. ಸಿಕ್ಕಿತು. ದುಡ್ಡು ತಗೊಳ್ಳಲಿಲ್ಲ.

ಇಷ್ಟೆಲ್ಲ ಆದ ಮೇಲೆ ನೋಂದಣಿಯ ದಿನ ಬಂತು. ಸೋಮವಾರ ಬೆಳಿಗ್ಗೆ ಹತ್ತು ಗಂಟೆ. ನಾನು ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಒಂಬತ್ತೂವರೆಗೇ ಫೋನ್ ಹಿಡಿದು ಕೂತೆ. ಹತ್ತಕ್ಕೆ ಫಾರಂ ತೆರೆಯಿತು. ಹೆಸರು, ವಯಸ್ಸು, ಸೈಕಲ್ ಫೋಟೊ, ಉಡುಪಿನ ಫೋಟೊ ಎಲ್ಲ ಹಾಕಿದೆ. ಒಟಿಪಿ ಬರಲಿಲ್ಲ. ಇನ್ನೊಂದು ಸಲ ಒತ್ತಿದೆ. ಕಾದೆ. ಅದು ಬಂದು, ನಾನು ಹಾಕಿ, ಪುಟ ತಿರುಗಿ ತಿರುಗಿ ನಿಲ್ಲುವಷ್ಟರಲ್ಲಿ "ಎಲ್ಲ ಜಾಗ ಭರ್ತಿಯಾಗಿವೆ" ಅಂತ ಬಂತು. ಗಡಿಯಾರ ನೋಡಿದೆ. ಹತ್ತು ಗಂಟೆ ಏಳು ನಿಮಿಷ.

ಅಪ್ಪ ಪಕ್ಕದ ಕುರ್ಚಿಯಲ್ಲೇ ಇದ್ದರು. "ಸಿಕ್ತಾ?" ಅಂದರು. ನೆಟ್‌ವರ್ಕ್ ಸರಿ ಇಲ್ಲ, ಸಂಜೆ ನೋಡೋಣ ಅಂದುಬಿಟ್ಟೆ. ನನ್ನ ಅಪ್ಪನಿಗೆ ನಾನು ಸುಳ್ಳು ಹೇಳುವವಳಲ್ಲ. ಆವತ್ತು ಸಂಜೆಯವರೆಗೆ ಹೇಳಿದೆ. ಸಂಜೆ ನಿಜ ಹೇಳಿದಾಗ ಅವರು ಏನೂ ಅನ್ನಲಿಲ್ಲ. ಕೋಟನ್ನು ಹ್ಯಾಂಗರಿನಿಂದ ತೆಗೆದು, ಐವತ್ತು ವರ್ಷದಿಂದ ಇರುವ ಅದೇ ಮಡಿಕೆಗೆ ಮಡಿಸಿ ಟ್ರಂಕಿನಲ್ಲಿಟ್ಟರು. ನುಸಿಗುಳಿಗೆ ಎಲ್ಲಿಟ್ಟಿದ್ದೀಯ ಅಂತ ಕೇಳಿದರು.

ಗೆಳೆಯರೇ, ಮಿತಿ ಯಾಕೆ ಅಂತ ನನಗೆ ಅರ್ಥವಾಗುತ್ತದೆ. ಅರ್ಥ ಮಾಡಿಕೊಳ್ಳಬೇಕು ಅಂತಲೇ ಕೂತು ಲೆಕ್ಕ ಹಾಕಿದ್ದೇನೆ. ಇಬ್ಬಿಬ್ಬರು ಜೊತೆಯಾಗಿ ಹೋದರೆ 100 ಸೈಕಲ್ ಅಂದ್ರೆ 50 ಸಾಲು. ಒಂದು ಸೈಕಲ್ ಹೆಚ್ಚೂಕಡಿಮೆ ಎರಡು ಮೀಟರ್ ಉದ್ದ, ನಡುವೆ ಎರಡು ಮೀಟರ್ ಬಿಟ್ಟರೆ ಮೆರವಣಿಗೆ 200 ಮೀಟರ್ ಆಗುತ್ತದೆ. ಹಳೇ ಸೈಕಲ್‌ನ ಆರಾಮದ ವೇಗ ಗಂಟೆಗೆ 12 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಅಂದ್ರೆ ನಿಮಿಷಕ್ಕೆ 200 ಮೀಟರ್. ಒಂದು ಸರ್ಕಲ್‌ನಲ್ಲಿ ಒಂದು ನಿಮಿಷ ವಾಹನ ತಡೆದರೆ ನೂರು ಜನ ದಾಟುತ್ತಾರೆ. 300 ಜನ ಆದರೆ ಮೂರು ನಿಮಿಷ. ಹೇಳುವುದಕ್ಕೆ ಮೂರು ನಿಮಿಷ ಅಷ್ಟೇ. ಆದರೆ ಭಾನುವಾರ ಬೆಳಿಗ್ಗೆ ಮುಳ್ಳಯ್ಯನಗಿರಿಗೆ ಹೊರಟ ಬೆಂಗಳೂರಿನ ಕಾರುಗಳ ಸಾಲು ಹನುಮಂತಪ್ಪ ಸರ್ಕಲ್‌ನಲ್ಲಿ ಮೂರು ನಿಮಿಷ ನಿಂತರೆ ಏನಾಗುತ್ತದೆ ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು. ಜೊತೆಗೆ ನಮ್ಮೂರು ಸಪಾಟು ಊರಲ್ಲ. ರಾಡ್ ಬ್ರೇಕ್ ಚಕ್ರದ ರಿಮ್ಮನ್ನು ಒಳಗಿನಿಂದ ಮೇಲಕ್ಕೆ ಎಳೆದು ಹಿಡಿಯುತ್ತದೆ. ಇಬ್ಬನಿಗೆ ರಿಮ್ ಒದ್ದೆಯಾದರೆ ಆ ಹಿಡಿತ ತುಂಬಾ ಕಡಿಮೆಯಾಗುತ್ತದೆ. ಇಪ್ಪತ್ತು ಕಿಲೋ ಹತ್ತಿರ ತೂಗುವ ಸೈಕಲ್ ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ಒಬ್ಬ ಬಿದ್ದರೆ ಹಿಂದಿನ ಹತ್ತು ಜನ ಬೀಳುತ್ತಾರೆ. ಹಾಗಾಗಿ ಸಂಖ್ಯೆ ಬೇಕು, ಸರ್ಕಲ್‌ಗೊಬ್ಬ ಸ್ವಯಂಸೇವಕ ಬೇಕು, ಹಿಂದೆ ಒಂದು ಗಾಡಿ ಬೇಕು. ನೂರು ಅಂತ ನೀವು ಹೇಳಿದ್ದು ಸುಮ್ನೆ ಹೇಳಿದ್ದಲ್ಲ. ಅದನ್ನು ಒಪ್ಪುತ್ತೇನೆ.

ನನ್ನ ಮಾತು ಆ ನೂರು ಜನ ಯಾರು, ಅವರನ್ನು ಹೇಗೆ ಆರಿಸಿದಿರಿ ಅನ್ನುವುದರ ಬಗ್ಗೆ.

ಯಾರ ಬೆರಳು ಫೋನ್ ಮೇಲೆ ಬೇಗ ಓಡುತ್ತದೋ, ಯಾರ ಮನೆಯಲ್ಲಿ ನೆಟ್ ಜೋರಾಗಿದೆಯೋ ಅವರಿಗೆ ಜಾಗ. ಆಲ್ದೂರಿನ ಆಚೆ ತೋಟದಲ್ಲಿರುವ ನನ್ನ ಗೆಳತಿ ಸಿಗ್ನಲ್ ಬೇಕಾದರೆ ಗೇಟಿನ ಹತ್ತಿರದ ದಿಬ್ಬ ಹತ್ತಬೇಕು. ಅವಳ ಮಾವನ ಹತ್ತಿರ ಇರುವ ರ್‍ಯಾಲಿ ಕಂಪನಿಯ ಸೈಕಲ್‌ಗೆ ದೀಪದ ಸಮೇತ ಎಲ್ಲವೂ ಹಾಗೇ ಇದೆ. ಅದೂ ಅಲ್ಲದೆ ನೀವು ನೋಂದಣಿ ಇಟ್ಟಿದ್ದು ಅರೇಬಿಕಾ ಕಾಫಿ ಕುಯ್ಲಿನ ಹೊತ್ತಿನಲ್ಲಿ, ಕೆಲಸದ ದಿನ, ಬೆಳಿಗ್ಗೆ ಹತ್ತಕ್ಕೆ. ಆ ಹೊತ್ತಿಗೆ ತೋಟದಲ್ಲಿರುವವರ ಕೈಯಲ್ಲಿ ಕುಕ್ಕೆ ಇರುತ್ತದೆ, ಫೋನ್ ಅಲ್ಲ. ಹಳೇ ಸೈಕಲ್, ಹಳೇ ಬಟ್ಟೆ ಈಗಲೂ ಯಾರ ಮನೆಯ ಅಟ್ಟದ ಮೇಲಿದೆಯೋ ಅವರೇ ಈ ಏಳು ನಿಮಿಷದ ಓಟದಲ್ಲಿ ಹಿಂದೆ ಬೀಳುವವರು ಅಲ್ವಾ?

ಅಪ್ಪನ ಸೈಕಲ್ ಸರಿಮಾಡಿದ ಆ ಶಾಪಿನವರ ವಿಷಯವನ್ನೂ ಹೇಳಲೇಬೇಕು. ಸವಾರಿಯ ಹಿಂದಿನ ವಾರ ಅವರ ಅಂಗಡಿಯ ಮುಂದೆ ಹನ್ನೊಂದು ಸೈಕಲ್ ಸಾಲಾಗಿ ನಿಂತಿದ್ದವು. ಎಲ್ಲ ನಿಮ್ಮ ಸವಾರಿಗೆ ಹೊರಟವು. ಶನಿವಾರ ರಾತ್ರಿ ಹತ್ತರವರೆಗೆ ಕೂತು ಮುಗಿಸಿದರು. ಅವರಿಗೂ ಹೋಗುವ ಆಸೆ ಇತ್ತು. ಮಗನಿಗೆ ಹೇಳಿ ಫಾರಂ ತುಂಬಿಸಲು ನೋಡಿದ್ದರು, ಆಗಲಿಲ್ಲ. ಹನ್ನೊಂದು ಸೈಕಲ್‌ಗೆ ಗಾಳಿ ಹೊಡೆದು ಕಳಿಸಿದ ಮನುಷ್ಯನಿಗೆ ಹನ್ನೆರಡನೇ ಸೈಕಲ್ ಮೇಲೆ ಕೂರಲು ಜಾಗ ಇರಲಿಲ್ಲ. ಅವರು ಇದನ್ನು ನನ್ನ ಹತ್ತಿರ ದೂರಿನ ಹಾಗೆ ಹೇಳಲಿಲ್ಲ. ಆದರೆ ಕೇಳಿ ನನಗೆ ತುಂಬಾ ನೋವಾಯಿತು.

ಸವಾರಿಯ ದಿನ ಬೆಳಿಗ್ಗೆ ಅಪ್ಪನೇ "ನೋಡ್ಕೊಂಡಾದ್ರೂ ಬರೋಣ" ಅಂದರು. ಆಜಾದ್ ಪಾರ್ಕ್ ಹತ್ತಿರ ನಿಂತೆವು. ಅಪ್ಪ ಸ್ವೆಟರ್ ಹಾಕಿ ಮಫ್ಲರ್ ಸುತ್ತಿಕೊಂಡಿದ್ದರು. ಸೈಕಲ್‌ಗಳು ಬಂದವು. ಅಪ್ಪ ಒಂದೊಂದರ ಹೆಸರು ಹೇಳುತ್ತಾ ಹೋದರು: ಇದು ಹಂಬರ್, ಇದು ಫಿಲಿಪ್ಸ್, ಇದು ಹೀರೊ, ಇದಕ್ಕೆ ಮಡ್‌ಗಾರ್ಡ್ ಬೇರೆ ಹಾಕಿದ್ದಾರೆ ನೋಡು. ನಾನು ಎಣಿಸುತ್ತಿದ್ದೆ. 81. ತಪ್ಪಿರಬಹುದು ಅಂತ ಆಮೇಲೆ ಎಲ್ಲರೂ ಫೋಟೊಗೆ ನಿಂತಾಗ ಇನ್ನೊಂದು ಸಲ ಎಣಿಸಿದೆ. ಆಗಲೂ 81.

ಅಂದರೆ 19 ಜನ ಬಂದೇ ಇರಲಿಲ್ಲ. ಏಳು ನಿಮಿಷದಲ್ಲಿ ಜಾಗ ಹಿಡಿದವರಲ್ಲಿ ಐದಕ್ಕೊಬ್ಬರ ಹತ್ತಿರ ಹತ್ತಿರ, ಬೆಳಿಗ್ಗೆ ಚಳಿಗೆ ಎದ್ದು ಬಂದಿರಲಿಲ್ಲ. ಕಾರಣ ಇರಬಹುದು, ಹುಷಾರಿಲ್ಲದೆ ಇರಬಹುದು. ಅವರ ಮೇಲೆ ನನಗೆ ಕೋಪ ಇಲ್ಲ. ಆದರೆ ಆ 19 ಜಾಗ ಖಾಲಿ ಹೋಗುತ್ತಿರುವಾಗ, ಸೈಕಲ್ ತಯಾರು ಮಾಡಿಟ್ಟುಕೊಂಡ ಒಬ್ಬ ಮೇಷ್ಟ್ರು ಮಫ್ಲರ್ ಸುತ್ತಿ ಫುಟ್‌ಪಾತ್ ಮೇಲೆ ನಿಂತಿದ್ದರು. ನನಗೆ ಸಹಿಸಲು ಆಗದೇ ಇದ್ದದ್ದು ಇದು. ಜಾಗ ಇಲ್ಲ ಅಂದದ್ದನ್ನು ತಡೆದುಕೊಂಡೆ. ಜಾಗ ಇತ್ತು ಅನ್ನುವುದನ್ನು ತಡೆದುಕೊಳ್ಳಲು ಆಗಲಿಲ್ಲ.

ಅಷ್ಟರಲ್ಲಿ ಒಬ್ಬ ಹುಡುಗನ ಸೈಕಲ್ ಚೈನು ನಮ್ಮ ಮುಂದೆಯೇ ಕಳಚಿತು. ಟೈ ಕಟ್ಟಿದ್ದ, ಒಳ್ಳೇ ವೇಷ. ಪಾಪ, ಏನು ಮಾಡಬೇಕು ಅಂತ ತೋಚದೆ ನಿಂತ. ಅಪ್ಪ ಹೋಗಿ ಬಗ್ಗಿ, ಚೈನಿನ ಒಂದೆರಡು ಕೊಂಡಿ ಹಲ್ಲಿಗೆ ಸಿಕ್ಕಿಸಿ, ಪೆಡಲನ್ನು ನಿಧಾನಕ್ಕೆ ಹಿಂದಕ್ಕೆ ತಿರುಗಿಸಿದರು. ಅದು ಹತ್ತಿತು. ಹುಡುಗ ಕೈ ಮುಗಿದು ಹೊರಟ. ಅಪ್ಪ ಕರಿಯಾದ ಬೆರಳನ್ನು ಹುಲ್ಲಿಗೆ ಒರೆಸಿಕೊಂಡು, ಅವನು ತಿರುವು ದಾಟುವವರೆಗೆ ನೋಡಿದರು. "ಚೈನ್ ಸಡಿಲ ಇದೆ, ಮುಂದೆ ಮತ್ತೆ ಬೀಳತ್ತೆ" ಅಂದರು. ಇಡೀ ದಾರಿ ಅವರಿಗೆ ಅದೇ ಚಿಂತೆ.

ಇಂಥ ಸವಾರಿಗಳು ಬೇರೆ ಊರುಗಳಲ್ಲಿ ಹೇಗೆ ನಡೆಯುತ್ತವೆ ಅಂತ ನಾನೂ ಸ್ವಲ್ಪ ಓದಿದೆ. ಲಂಡನ್‌ನ ಟ್ವೀಡ್ ರನ್ 2009ರಲ್ಲಿ ಶುರುವಾದದ್ದು. ಜನ ಟ್ವೀಡ್ ಕೋಟು, ಮಂಡಿಯವರೆಗಿನ ಪ್ಯಾಂಟು ಹಾಕಿಕೊಂಡು, ನಡುವೆ ಟೀಗೆ ನಿಂತು, ಊರು ಸುತ್ತುತ್ತಾರೆ. ಅಲ್ಲೂ ಟಿಕೆಟ್ ಮಿತಿ ಇದೆ, ಸಿಗದೆ ಬೇಜಾರಾಗುವವರು ಇದ್ದಾರೆ. ಇಟಲಿಯಲ್ಲಿ ಲೆರೋಯಿಕಾ ಅಂತ ಇನ್ನೊಂದು ಇದೆ. 1997ರಲ್ಲಿ 92 ಜನರಿಂದ ಶುರುವಾಗಿ ಈಗ ಸಾವಿರಾರು ಜನ ಸೇರುತ್ತಾರೆ. ಅಲ್ಲಿಯ ನಿಯಮ ನನಗೆ ಹಿಡಿಸಿತು. ಸೈಕಲ್ 1987ಕ್ಕಿಂತ ಹಿಂದಿನ ರೀತಿಯದಾಗಿರಬೇಕು. ಗೇರಿನ ಕಡ್ಡಿ ಚೌಕಟ್ಟಿನ ಮೇಲೆಯೇ ಇರಬೇಕು, ಬ್ರೇಕಿನ ತಂತಿ ಹ್ಯಾಂಡಲ್‌ನ ಹೊರಗೆ ಕಾಣಬೇಕು. ಅಲ್ಲಿ ಮೊದಲು ಕೇಳುವುದು ಸೈಕಲ್ಲನ್ನು. ನಾವೂ ಹಾಗೆ ಕೇಳಬಾರದಾ? ಅರ್ಧ ಜಾಗ ರಾಡ್ ಬ್ರೇಕಿನ ಸೈಕಲ್ ಇರುವವರಿಗೆ ಅಂತ ಇಡಿ. ಬೇರೆ ಅರ್ಧಕ್ಕೆ ಯಾರು ಬೇಕಾದರೂ ಬರಲಿ. ವೇಷದ ಆಸೆಯಿಂದ ಬರುವ ಹುಡುಗ ಹುಡುಗಿಯರೂ ಬೇಕು. ಅವರಿಲ್ಲದೆ ಆ ಬೀದಿಗೆ ಆ ಕಳೆ ಬರುವುದಿಲ್ಲ.

ಉಡುಪಿನ ವಿಷಯದಲ್ಲಿ ಒಂದು ಬೇಡಿಕೆ ಇದೆ, ಸ್ವಲ್ಪ ಉದ್ದ ಹೇಳುತ್ತೇನೆ, ಓದಿ. ನಿಮ್ಮ ಫಾರಂನಲ್ಲಿ ಮಾದರಿಗೆ ಅಂತ ಹಾಕಿದ್ದ ಚಿತ್ರಗಳೆಲ್ಲ ಸೂಟು, ಹ್ಯಾಟು, ಗೌನುಗಳದೇ. ಕಚ್ಚೆಪಂಚೆ, ಕೋಟು ಹಾಕಿದ ಅಪ್ಪನ ಫೋಟೊ ಹಾಕುವಾಗ ಇದು ನಡೆಯುತ್ತಾ ಇಲ್ವಾ ಅಂತ ನನಗೇ ಅನುಮಾನ ಬಂತು. ಟ್ವೀಡ್ ಅಂದ್ರೆ ಏನು? ಸ್ಕಾಟ್ಲೆಂಡಿನ ಚಳಿಗೆ, ಮಳೆಗೆ ಅಂತ ಕುರಿ ಉಣ್ಣೆಯಲ್ಲಿ ನೇಯ್ದ ಒರಟು ಬಟ್ಟೆ. ಅದರಲ್ಲಿ ಹ್ಯಾರಿಸ್ ಟ್ವೀಡ್ ಅನ್ನುವುದನ್ನು ಅಲ್ಲಿಯ ದ್ವೀಪಗಳ ಜನ ತಮ್ಮ ಮನೆಗಳಲ್ಲೇ ನೇಯಬೇಕು ಅಂತ 1993ರ ಕಾಯ್ದೆಯೇ ಇದೆ. ನಮ್ಮ ಕಡೆ ಅಂಥದ್ದು ಇಲ್ವಾ? ಕಡೂರು, ಅರಸೀಕೆರೆ ಬಯಲಿನ ಕುರಿ, ಅದರ ಕರಿ ಉಣ್ಣೆ, ಕೈಯಲ್ಲಿ ತೆಗೆದ ನೂಲು, ಹುಣಸೆಬೀಜದ ಗಂಜಿ ಹಾಕಿ ಬಿಗಿ ಮಾಡಿ ಗುಂಡಿಮಗ್ಗದಲ್ಲಿ ನೇಯ್ದ ಕಂಬಳಿ. ಬಯಲುಸೀಮೆಯಲ್ಲಿ ನೇಯ್ದದ್ದನ್ನು ಮಲೆನಾಡಿನವರು ಕೊಂಡು ಮಳೆಗಾಲ ಕಳೆಯುತ್ತಿದ್ದರು. ನಾಟಿ ಕಾಲದಲ್ಲಿ ಕಂಬಳಿ ಕೊಪ್ಪೆ ಹಾಕದ ಗಂಡಸು ಇರಲಿಲ್ಲ. ಈ ಜಿಲ್ಲೆಯ ಎರಡು ಮುಖವೂ ಆ ಒಂದು ಕಂಬಳಿಯಲ್ಲಿದೆ. ನಮ್ಮ ಟ್ವೀಡ್ ಅದೇ. ಮುಂದಿನ ಸಲ ಫಾರಂನಲ್ಲಿ ಮೊದಲ ಚಿತ್ರ ಹೆಗಲ ಮೇಲೆ ಕಂಬಳಿ ಹಾಕಿ ಸೈಕಲ್ ಹಿಡಿದು ನಿಂತವರದಿರಲಿ. ಹದಿನೆಂಟು ಮೊಳದ ಸೀರೆಯ ಅಜ್ಜಿ ಇರಲಿ. ಖಾಕಿ ಚಡ್ಡಿಯ ಅಂಚೆಯವರು ಇರಲಿ. ಆಗ ಹಳ್ಳಿಯವರಿಗೆ ಇದು ನಮ್ಮದೂ ಹೌದು ಅಂತ ಅನ್ನಿಸುತ್ತದೆ. ಬಾಡಿಗೆ ಸೂಟು ತರುವ ಖರ್ಚೂ ಇಲ್ಲ.

ಜಾಗ ಹಂಚುವುದಕ್ಕೆ ದೊಡ್ಡ ವ್ಯವಸ್ಥೆ ಏನೂ ಬೇಡ, ಚೀಟಿ ಎತ್ತಿ. ಅರ್ಜಿ ಹಾಕಲು ಹತ್ತು ದಿನ ಕೊಡಿ. ಫೋನ್‌ನಲ್ಲೂ ಹಾಕಲಿ, ಕಾಗದದಲ್ಲೂ ಹಾಕಲಿ. ಕಾಗದದ ಫಾರಂ ಸೈಕಲ್ ಶಾಪುಗಳಲ್ಲಿ ಇಡಿ. ಹಳೇ ಸೈಕಲ್ ಇರುವವರು ಹೇಗೂ ಅಲ್ಲಿಗೆ ಬಂದೇ ಬರುತ್ತಾರೆ. ಕಡೂರು, ತರೀಕೆರೆ, ಮೂಡಿಗೆರೆಯಲ್ಲೂ ಒಂದೊಂದು ಕಡೆ ಇಡಿ. ಆಮೇಲೆ ಒಂದು ಸಂಜೆ ಎಲ್ಲರ ಎದುರು, ಒಂದು ಕೊಡದಲ್ಲಿ ಚೀಟಿ ಹಾಕಿ, ಯಾವುದಾದರೂ ಮಗುವಿನ ಕೈಯಲ್ಲಿ ಎತ್ತಿಸಿ. ಅಪ್ಪನ ಚೀಟಿ ಬರದೇ ಹೋದರೆ ನಾನು ಇನ್ನೊಂದು ಪತ್ರ ಬರೆಯುವುದಿಲ್ಲ. ಅದೃಷ್ಟ ಇರಲಿಲ್ಲ ಅಂದ್ರೆ ಅಪ್ಪನೂ ನಕ್ಕು ಸುಮ್ಮನಾಗುತ್ತಾರೆ. ಒಟಿಪಿ ಬರಲಿಲ್ಲ ಅನ್ನುವುದನ್ನು ಅವರಿಗೆ ಹೇಗೆ ವಿವರಿಸಲಿ?

ಬಾರದೆ ಉಳಿಯುವವರಿಗೆ ಒಂದು ದಾರಿ ಮಾಡಿ. ಸ್ವಲ್ಪ ಠೇವಣಿ ತಗೊಳ್ಳಿ, ಕಾಫಿಗೆ ನಿಲ್ಲುವ ಕಡೆ ವಾಪಸ್ ಕೊಡಿ. ಆರೂವರೆಗೆ ಹೆಸರು ಕೂಗಿ. ಬಾರದವರ ಜಾಗವನ್ನು ಅಲ್ಲೇ ಸೈಕಲ್ ಹಿಡಿದು ಕಾಯುತ್ತಿರುವವರಿಗೆ ಕೊಡಿ. ಕಾದು ಸಿಗದಿದ್ದರೂ ಜನ ಬೇಜಾರು ಮಾಡಿಕೊಳ್ಳುವುದಿಲ್ಲ. ಕಾಯಲು ಬಿಡದೇ ಇದ್ದರೆ ಮಾಡಿಕೊಳ್ಳುತ್ತಾರೆ.

ಅಧಿಕಾರಿಗಳೇ, ನಿಮ್ಮಲ್ಲಿ ಕೇಳುವುದು ಇಷ್ಟು. ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಗೆ ಮಿತಿ ಬಂದಾಗ ನೀವು ದಿನವನ್ನು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಅಂತ ಎರಡು ಪಾಳಿ ಮಾಡಿದಿರಿ. ಸೈಕಲ್‌ಗೂ ಅದನ್ನೇ ಮಾಡಬಹುದಲ್ವಾ? ಆರೂವರೆಗೆ ನೂರು ಜನ, ಏಳೂಕಾಲಿಗೆ ಇನ್ನು ನೂರು. ಒಂದೊಂದು ಸರ್ಕಲ್‌ನಲ್ಲಿ ಒಂದೊಂದು ನಿಮಿಷ ಎರಡು ಸಲ, ಅಷ್ಟೇ. ಎಂಟೂವರೆಯೊಳಗೆ ಎಲ್ಲ ಮುಗಿದಿರುತ್ತದೆ. ಪ್ರವಾಸಿಗಳ ಕಾರು ಜಾಸ್ತಿಯಾಗುವ ಹೊತ್ತಿಗೆ ರಸ್ತೆ ಖಾಲಿ. ಸೈಕಲ್‌ಗೆ ವರ್ಷವರ್ಷ ಲೈಸೆನ್ಸ್ ಮಾಡಿಸಿ ಬಿಲ್ಲೆ ತಗೊಂಡ, ರಾತ್ರಿ ದೀಪ ಇಲ್ಲ ಅಂತ ದಂಡ ಕಟ್ಟಿದ, ಡಬಲ್ ಹೋದದ್ದಕ್ಕೆ ಪೊಲೀಸರು ಗಾಳಿ ಬಿಟ್ಟು ಕಳಿಸಿದ ಜನ ಈ ಹಳೇ ಸವಾರರು. ರಸ್ತೆಯ ನಿಯಮವನ್ನು ನಮಗಿಂತ ಚೆನ್ನಾಗಿ ಪಾಲಿಸುತ್ತಾರೆ.

ಹಾದಿಯ ಬಗ್ಗೆ ಒಂದು ಸಲಹೆ. ರತ್ನಗಿರಿ ಬೋರೆಯ ಕಡೆಯ ಏರು ಇಳಿವು ಬಿಟ್ಟುಬಿಡಿ, ವಯಸ್ಸಾದವರಿಗೆ ಕಷ್ಟ. ಹಿರೇಮಗಳೂರಿಗೆ ಬನ್ನಿ. ಸಖರಾಯಪಟ್ಟಣದ ರುಕ್ಮಾಂಗದ ದೊರೆ ಹಿರಿಮಗಳಿಗೆ ಹಿರೇಮಗಳೂರನ್ನೂ ಕಿರಿಮಗಳಿಗೆ ಚಿಕ್ಕಮಗಳೂರನ್ನೂ ಬಳುವಳಿ ಕೊಟ್ಟ ಕತೆ ಎಲ್ಲರಿಗೂ ಗೊತ್ತಲ್ಲ. ಕಿರಿಮಗಳ ಊರಿನಿಂದ ಹಿರಿಮಗಳ ಊರಿಗೆ ಸೈಕಲ್‌ನಲ್ಲಿ ಬಂದ ಹಾಗಾಗುತ್ತದೆ. ಕನ್ನಡದಲ್ಲಿ ಪೂಜೆ ನಡೆಯುವ ಕೋದಂಡರಾಮನ ಗುಡಿಯ ಮುಂದೆ ಸೈಕಲ್ ನಿಲ್ಲಿಸಿ ಒಂದು ಫೋಟೊ ತೆಗೆಸಿಕೊಳ್ಳಿ.

ಕಾಫಿಗೆ ನಿಲ್ಲುವ ಜಾಗದಲ್ಲಿ ನೂರು ಜನಕ್ಕಿಂತ ಹೆಚ್ಚು ಹಿಡಿಸುವುದಿಲ್ಲ ಅನ್ನುವುದೂ ಮಿತಿಗೆ ಒಂದು ಕಾರಣ ಅಂತ ನೀವು ಬರೆದಿದ್ದಿರಿ. ಹಾಗಾದರೆ ಎರಡನೇ ಪಾಳಿಯವರನ್ನು ನಮ್ಮ ಬೀದಿಗೆ ಕಳಿಸಿ. ಅಕ್ಕಪಕ್ಕದ ಮನೆಯವರ ಹತ್ತಿರ ಮಾತಾಡಿದ್ದೇನೆ. ಆರು ಮನೆಯವರು ಒಪ್ಪಿದ್ದಾರೆ. ನಮ್ಮ ಮನೆಯ ಮುಂದೆ ನಲವತ್ತು ಸೈಕಲ್ ನಿಲ್ಲಿಸುವಷ್ಟು ಅಂಗಳ ಇದೆ, ಎದುರು ಮನೆಯದು ಇನ್ನೂ ದೊಡ್ಡದು. ಕಾಫಿ ಪುಡಿ ಗೆಳತಿಯ ತೋಟದಿಂದ ಬರುತ್ತದೆ. ಐವತ್ತು ಲೋಟ ಹಿಡಿಯುವ ಹಿತ್ತಾಳೆ ಪಾತ್ರೆ ಅಜ್ಜಿಯ ಕಾಲದ್ದು ಅಟ್ಟದ ಮೇಲಿತ್ತು. ಮೊನ್ನೆ ಇಳಿಸಿ ಕಲಾಯಿ ಮಾಡಿಸಿದೆ. ಕಡುಬು, ಕಾಯಿ ಚಟ್ನಿ ಮಾಡೋಣ ಅಂತ ಹೆಂಗಸರು ಹೇಳುತ್ತಿದ್ದಾರೆ. ದುಡ್ಡಿನ ವಿಷಯ ನೀವು ತಲೆಗೆ ಹಚ್ಚಿಕೊಳ್ಳಬೇಡಿ.

ಅಪ್ಪನ ಸೈಕಲ್ ಮತ್ತೆ ಗೋಣಿಚೀಲದ ಕೆಳಗೆ ಹೋಗಿಲ್ಲ. ದಿನಾ ಬೆಳಿಗ್ಗೆ ಡೈರಿಗೆ ಹಾಲು ತರಲು ಅದರಲ್ಲೇ ಹೋಗುತ್ತಿದ್ದಾರೆ. ಸೈಕಲ್ ಶಾಪಿನವರನ್ನೂ ಕೇಳಿದ್ದೇನೆ. ಅರ್ಜಿಯ ಕಾಗದಗಳನ್ನು ಅವರ ಅಂಗಡಿಯಲ್ಲಿ ಇಡಬಹುದಂತೆ. ಗಾಳಿ ಹೊಡೆಯುವ ಪಂಪಿನ ಪಕ್ಕದ ಬೆಂಚನ್ನು ಒರೆಸಿ ಇಟ್ಟಿದ್ದಾರೆ. ಕಾಗದ ಯಾವಾಗ ಕಳಿಸುತ್ತೀರಿ ಅಂತ ತಿಳಿಸಿ.

ಇತಿ,
ನಿವೃತ್ತ ಮೇಷ್ಟ್ರೊಬ್ಬರ ಮಗಳು,
ಹಿರೇಮಗಳೂರು